ಚಿತ್ರಸಂತೆಗೆ ಬರುವೆಯಾದರೆ

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ತಲುಪಿ ಮೂರು ವಾರಗಳಾದವು. ಮುಂದಿನ ಚಿತ್ರಸಂತೆಗೆ ಅರ್ಜಿ ಹಾಕಬೇಕೆಂದಿರುವುದಾಗಿಯೂ, ಆದರೆ ಬೀದಿಯಲ್ಲಿ ಕುಳಿತು ಚಿತ್ರ ಮಾರುವುದೆಂದರೆ ಮನಸ್ಸು ಹಿಂಜರಿಯುತ್ತಿರುವುದಾಗಿಯೂ ಬರೆದಿದ್ದೀಯೆ. ಇಪ್ಪತ್ತು ವರ್ಷ ಮಕ್ಕಳಿಗೆ ಚಿತ್ರಕಲೆ ಕಲಿಸಿದ ಮೇಷ್ಟರಿಗೆ ಈ ಹಿಂಜರಿಕೆ ಸಹಜ; ನನಗೂ ಇತ್ತು. 2018ರಿಂದ ಈಚೆಗೆ ಆರು ಬಾರಿ ನಾನು ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಗಳನ್ನು ಹರಡಿಕೊಂಡು ಕುಳಿತಿದ್ದೇನೆ. ಅಲ್ಲಿ ಗಳಿಸಿದ್ದನ್ನೂ ಕಳೆದುಕೊಂಡದ್ದನ್ನೂ ಮುಚ್ಚಿಡದೆ ಬರೆಯುತ್ತೇನೆ. ದಾವಣಗೆರೆಯಲ್ಲಿ ನಮ್ಮೊಂದಿಗೆ ಓದಿದ ಇನ್ನಿಬ್ಬರೂ ಇದೇ ಪ್ರಶ್ನೆ ಕೇಳಿದ್ದರಿಂದ ಪತ್ರವನ್ನು ಎಲ್ಲರೂ ಓದುವಂತೆ ಹಾಕುತ್ತಿದ್ದೇನೆ. ನಿನ್ನ ಹೆಸರು ಬರೆದಿಲ್ಲ, ಹೆದರಬೇಡ.

ಕರ್ನಾಟಕ ಚಿತ್ರಕಲಾ ಪರಿಷತ್ತು ಈ ಸಂತೆಯನ್ನು ಆರಂಭಿಸಿದ್ದು 2003ರಲ್ಲಿ. ಆಗ ನಾವಿಬ್ಬರೂ ಕಾಲೇಜು ಮುಗಿಸಿ ಕೆಲಸ ಹುಡುಕುತ್ತಾ ಅಲೆಯುತ್ತಿದ್ದೆವು. ಸಾಮಾನ್ಯವಾಗಿ ಜನವರಿಯ ಆರಂಭದ ಒಂದು ಭಾನುವಾರ ಪರಿಷತ್ತಿನ ಮುಂದಿನ ರಸ್ತೆಯಲ್ಲಿ ವಾಹನಗಳ ಓಡಾಟ ನಿಲ್ಲಿಸುತ್ತಾರೆ. ಬೆಳಗಿನಿಂದ ಕತ್ತಲಾಗುವವರೆಗೆ ರಸ್ತೆಯ ಎರಡೂ ಬದಿಗೆ ಚಿತ್ರಗಳೇ. ಮೈಸೂರು ಶೈಲಿ, ತಂಜಾವೂರು ಶೈಲಿ, ಮಧುಬನಿ, ರಾಜಸ್ಥಾನದ ಕಿರುಚಿತ್ರ, ನಮ್ಮಂಥವರ ಭೂದೃಶ್ಯ, ಇಪ್ಪತ್ತು ನಿಮಿಷದಲ್ಲಿ ಮುಖ ಬರೆದುಕೊಡುವವರು, ಎಲ್ಲ ಸೇರಿ ಸಾವಿರಕ್ಕೂ ಮಿಕ್ಕಿ ಕಲಾವಿದರು ಬರುತ್ತಾರೆ. ನೋಡುವವರಿಗೆ ಟಿಕೆಟ್ಟಿಲ್ಲ. ಇದು ಒಂದೇ ದಿನದ ಸಂತೆ ಎಂಬುದನ್ನು ಮಾತ್ರ ನೀನು ಮರೆಯಬಾರದು. ಗ್ಯಾಲರಿಯಲ್ಲಿ ಮೊದಲ ದಿನದ ತಪ್ಪನ್ನು ಮೂರನೆಯ ದಿನ ತಿದ್ದಿಕೊಳ್ಳಬಹುದು. ಇಲ್ಲಿ ಬೆಳಗಿನ ತಪ್ಪು ಮಧ್ಯಾಹ್ನದೊಳಗೆ ಅರಿವಾಗದಿದ್ದರೆ ಮುಂದಿನ ವರ್ಷದವರೆಗೆ ಕಾಯಬೇಕು. 2021ರಲ್ಲಿ ಕೋವಿಡ್ ಕಾರಣದಿಂದ ಸಂತೆ ಆನ್‌ಲೈನಿಗೆ ಹೋದಾಗ ನಾನು ಭಾಗವಹಿಸಲಿಲ್ಲ. ಜಲವರ್ಣವನ್ನು ಮೊಬೈಲಿನಲ್ಲಿ ತೋರಿಸಿ ಮಾರುವುದೆಂದರೆ ಸಾರಿನ ಫೋಟೊ ತೆಗೆದು ಬಡಿಸಿದ ಹಾಗೆ ಎಂಬುದು ನನ್ನ ಹಳೆಯ ಹಟ, ನೀನು ಒಪ್ಪಬೇಕೆಂದಿಲ್ಲ.

ಮೊದಲ ವರ್ಷ ನಾನು ಮಾಡಿದ ತಪ್ಪುಗಳಿಗೆ ಲೆಕ್ಕವಿಲ್ಲ. 38 ಚಿತ್ರಗಳನ್ನು ಒಯ್ದಿದ್ದೆ. ಅವುಗಳಲ್ಲಿ 20ಕ್ಕೆ ಗಾಜು ಹಾಕಿದ ಫ್ರೇಮು. ರಾತ್ರಿ ಬಸ್ಸಿನಲ್ಲಿ ಹಳೆಯ ಜಮಖಾನದಲ್ಲಿ ಸುತ್ತಿದ ಆ ಫ್ರೇಮುಗಳ ಮೇಲೆ ಕೈಯಿಟ್ಟುಕೊಂಡೇ ನಿದ್ದೆಗೆಟ್ಟು, ಬೆಳಗಿನ ನಾಲ್ಕೂವರೆಗೆ ಮೆಜೆಸ್ಟಿಕ್‌ನಲ್ಲಿ ಇಳಿದೆ. ಆಟೊದವನು ಗಂಟುಗಳನ್ನು ನೋಡಿ, "ಮನೆ ಖಾಲಿ ಮಾಡಿಸಿಬಿಟ್ರಾ ಸಾರ್?" ಎಂದು ಕೇಳಿದ. ನನಗೆ ದೊರೆತ ಜಾಗದಲ್ಲಿ ಕಾಂಪೌಂಡಿಗೆ ಒರಗಿಸಿ, ಎದುರಿಗೆ ನಿಂತು ನೋಡಿ, ಎರಡು ಬಾರಿ ಅದಲು ಬದಲು ಮಾಡಿ, ತೃಪ್ತಿಯಿಂದ ಕಾಫಿ ಕುಡಿಯುತ್ತಿರುವಾಗ ಮರಗಳ ನಡುವಿನಿಂದ ಒಂದು ಗಾಳಿ ಬೀಸಿತು. ಒಂದು ಫ್ರೇಮು ಮುಗ್ಗರಿಸಿ ಪಕ್ಕದ್ದನ್ನೂ ಕೆಡವಿತು. ಒಡೆದ ಗಾಜು ಕಾಗದವನ್ನು ಕೊರೆದು, ಚಿತ್ರದುರ್ಗದ ಬಂಡೆಗಳ ಮೇಲಿನ ಆಕಾಶವನ್ನು ಅಡ್ಡಡ್ಡ ಸೀಳಿಹಾಕಿತ್ತು. ಅದು ನಾನು ಒಯ್ದುದರಲ್ಲೇ ಒಳ್ಳೆಯ ಚಿತ್ರ. ಆ ದಿನ ಮಾರಾಟವಾದದ್ದು ಐದು, ಬಂದ ಹಣ 7,800 ರೂಪಾಯಿ. ಫ್ರೇಮು, ಬಸ್ಸು, ಆಟೊ, ಊಟ, ವಸತಿ ಸೇರಿ ಆದ ಖರ್ಚು 11,700. ಮನೆಯಲ್ಲಿ ಮಾತ್ರ "ಸರಿಹೋಯಿತು" ಎಂದು ಹೇಳಿದ್ದೆ.

ಆದರೆ ಹಣಕ್ಕಿಂತ ನನ್ನನ್ನು ಕಾಡಿದ್ದು ಇನ್ನೊಂದು. ಯಾರಾದರೂ ಚಿತ್ರದ ಮುಂದೆ ನಿಂತು "ಎಷ್ಟು?" ಎಂದರೆ ನನ್ನ ಗಂಟಲು ಕಟ್ಟುತ್ತಿತ್ತು. ಎರಡೂವರೆ ಸಾವಿರ ಎಂದು ಮನಸ್ಸಿನಲ್ಲಿದ್ದರೂ ಬಾಯಿಗೆ ಬರುವಾಗ "ಎರಡು ಸಾವಿರ, ನೋಡಿ ಕೊಡಿ" ಎಂದಾಗುತ್ತಿತ್ತು. ಕೇಳಿದವರು ತಾವಾಗಿ ಚೌಕಾಸಿ ಮಾಡುವ ಮೊದಲೇ ನಾನೇ ಇಳಿಸುತ್ತಿದ್ದೆ. ಒಬ್ಬ ಹೆಂಗಸು, "ನೀವೇ ಇಷ್ಟು ಬೇಗ ಕಡಿಮೆ ಮಾಡಿದರೆ ನನಗೆ ಅನುಮಾನ ಬರುತ್ತದಲ್ಲ" ಎಂದು ನಕ್ಕು ಹೊರಟುಹೋದರು.

ನಮ್ಮಪ್ಪ ಚಳ್ಳಕೆರೆಯ ಸಂತೆಯಲ್ಲಿ ಕಂಬಳಿ ಮಾರುತ್ತಿದ್ದರೆಂಬುದು ನಿನಗೆ ಗೊತ್ತು. ಹಾಸ್ಟೆಲಿನಲ್ಲಿ ಅದನ್ನು ಎಷ್ಟು ದಿನ ಹೇಳದೆ ಇದ್ದೆನೆಂಬುದೂ ಗೊತ್ತು. ಹುಣಸೆ ಬೀಜದ ಸರಿ ಹಚ್ಚಿ ಒಣಗಿಸಿದ, ಹಲಗೆಯಂತೆ ಸೆಟೆದ ಕರಿಕಂಬಳಿಯನ್ನು ನಾಲ್ಕು ಮೂಲೆ ಎತ್ತಿ ಹಿಡಿಯಲು ನನಗೆ ಹೇಳಿ, ಅಪ್ಪ ಅದರ ನಡುವೆ ಒಂದು ಚೊಂಬು ನೀರು ಸುರಿಯುತ್ತಿದ್ದರು. ನೀರು ಕೆರೆಯಂತೆ ನಿಲ್ಲುತ್ತಿತ್ತು, ಕೆಳಗೆ ಹನಿಯುತ್ತಿರಲಿಲ್ಲ. ಆಮೇಲೆ ಬೆಲೆಯನ್ನು ಒಮ್ಮೆ ಮಾತ್ರ ಹೇಳಿ, ಗಿರಾಕಿಯ ಮುಖ ನೋಡದೆ ಕಂಬಳಿಯನ್ನೇ ನೋಡುತ್ತಾ ನಿಲ್ಲುತ್ತಿದ್ದರು. ನಾಲ್ಕು ವರ್ಷ ಕಲಾಶಾಲೆಯಲ್ಲಿ ಓದಿದ ನನಗೆ ಆ ನಿಲುವನ್ನು ಕಲಿಯಲು ಮೂರು ಸಂತೆಗಳು ಬೇಕಾದವು. ಈಗ ಪ್ರತಿ ಚಿತ್ರದ ಕೆಳಗೆ ಬೆಲೆ ಬರೆದ ಚೀಟಿ ಅಂಟಿಸುತ್ತೇನೆ, ಕೇಳಿದರೆ ಬಾಯಿಬಿಟ್ಟೂ ಹೇಳುತ್ತೇನೆ, ಹೇಳಿದ ಮೇಲೆ ಚಿತ್ರವನ್ನು ನೋಡುತ್ತೇನೆ. ಎರಡು ಚಿತ್ರ ತೆಗೆದುಕೊಂಡವರಿಗೆ ಇನ್ನೂರೋ ಮುನ್ನೂರೋ ಬಿಡುವುದುಂಟು. ಬೋಣಿಗೆ ಬಿಡುವುದಿಲ್ಲ, ಬೋಣಿಯಲ್ಲಿ ಇಳಿದ ಬೆಲೆ ದಿನವಿಡೀ ಮೇಲೇಳುವುದಿಲ್ಲ.

ಎರಡನೆಯ ವರ್ಷ ನನ್ನ ಪಕ್ಕದಲ್ಲಿ ಒಡಿಶಾದಿಂದ ಬಂದ ತಾಳೆಗರಿ ಚಿತ್ರಕಾರರೊಬ್ಬರು ಕುಳಿತಿದ್ದರು. ಅವರಿಗೆ ಕನ್ನಡ ಬಾರದು, ನನ್ನ ಹಿಂದಿಯನ್ನು ನೀನು ಬಲ್ಲೆ. ಕಂಟವೆಂಬ ಕಬ್ಬಿಣದ ಚೂಪು ಕಡ್ಡಿಯಿಂದ ಗರಿಯ ಮೇಲೆ ಗೀರುವಾಗ ಏನೂ ಕಾಣುತ್ತಿರಲಿಲ್ಲ. ಕಪ್ಪು ಮಸಿ ಹಚ್ಚಿ ಬಟ್ಟೆಯಿಂದ ಒರೆಸಿದ ಕೂಡಲೇ ಒಂದು ಮರ, ಮರದ ಕೆಳಗೆ ಕೃಷ್ಣ, ಹಸುಗಳು ಮೂಡುತ್ತಿದ್ದವು. ಪ್ರತಿ ಸಲ ಸುತ್ತಲಿನ ಜನ "ಓ" ಎನ್ನುತ್ತಿದ್ದರು, ಪ್ರತಿ ಸಲ ಒಂದಿಬ್ಬರು ಕೊಳ್ಳುತ್ತಿದ್ದರು. ಅದು ಅಪ್ಪನ ಚೊಂಬು ನೀರು ಎಂದು ನನಗೆ ಹೊಳೆದದ್ದು ಸಂಜೆ. ಮರುವರ್ಷದಿಂದ ನಾನು ಸುಮ್ಮನೆ ಕೂರದೆ, ಪುಟ್ಟ ಕಾಗದ ಹರಡಿಕೊಂಡು ಅಲ್ಲೇ ಬರೆಯುತ್ತೇನೆ. ಒದ್ದೆ ಕಾಗದದ ಮೇಲೆ ನೀಲಿ ಹರಿಯುವುದನ್ನು ನೋಡಲು ನಿಂತವರು ಹಿಂದಿರುವ ಚಿತ್ರಗಳನ್ನೂ ನೋಡುತ್ತಾರೆ. ಅಲ್ಲದೆ, ಕೈಯಲ್ಲಿ ಕುಂಚವಿದ್ದರೆ ಗಿರಾಕಿಯ ದಾರಿ ನೋಡುತ್ತಾ ಹಲ್ಲು ಕಿರಿಯುವ ಅವಸ್ಥೆ ತಪ್ಪುತ್ತದೆ.

ಇನ್ನು ನಾನು ಹೇಳಲೇಬೇಕಾದ ಸಂಗತಿ 2020ರದು. ನಮ್ಮೂರ ಆಚೆಯ ಹುಲ್ಲುಗಾವಲಿನ ಒಂದು ದೊಡ್ಡ ಚಿತ್ರ ಒಯ್ದಿದ್ದೆ: ಮಟಮಟ ಮಧ್ಯಾಹ್ನ, ಒಣಹುಲ್ಲು, ದೂರದಲ್ಲಿ ಜಾಲಿ, ಮುಂದೆ ಅಲ್ಲಲ್ಲಿ ಚದುರಿ ಮೇಯುವ ಕುರಿಗಳು. ಇದೇ ಚಿತ್ರವನ್ನು ಅದಕ್ಕೂ ಹಿಂದೆ ಒಂದು ಗುಂಪು ಪ್ರದರ್ಶನದಲ್ಲಿ ತೂಗುಹಾಕಿದ್ದಾಗ ಬಂದವರೆಲ್ಲ ಬೆಳಕು ಚೆನ್ನಾಗಿದೆ ಎಂದು ಹೊಗಳಿದ್ದರು. ಮಧ್ಯಾಹ್ನ ಮೂರರ ಹೊತ್ತಿಗೆ, ಎಲ್ಲೋ ಕಾವಲುಗಾರನ ಕೆಲಸ ಮುಗಿಸಿ ಬಂದವರಂತೆ ನೀಲಿ ಅಂಗಿ ತೊಟ್ಟ ಹಿರಿಯರೊಬ್ಬರು ಅದರ ಮುಂದೆ ಬಹಳ ಹೊತ್ತು ನಿಂತರು. ಹಿರಿಯೂರಿನ ಕಡೆಯವರಂತೆ. "ಇದು ಎಷ್ಟು ಹೊತ್ತಿನ ಬಿಸಿಲು?" ಎಂದು ಕೇಳಿದರು. ಮಧ್ಯಾಹ್ನದ್ದು ಎಂದೆ. "ಹಂಗಾದ್ರೆ ಕುರಿ ಹಿಂಗ್ ನಿಲ್ಲಾಕಿಲ್ಲ ಸ್ವಾಮಿ. ಆ ಬಿಸಿಲಿಗೆ ಒಂದರ ಹೊಟ್ಟೆ ಕೆಳಗೆ ಒಂದು ತಲೆ ಇಕ್ಕಂಡು ಗುಂಪಾಗಿ ನಿಂತ್ಕತವೆ" ಎಂದರು. ಅಷ್ಟೇ. ಆಕ್ಷೇಪಣೆಯ ದನಿಯೇನೂ ಇರಲಿಲ್ಲ. ನೂರು ರೂಪಾಯಿಯ ಒಂದು ಚಿತ್ರದ ಕಾರ್ಡು ಕೊಂಡು, ಅದನ್ನು ಜೇಬಿಗೆ ಹಾಕದೆ ಕೈಯಲ್ಲೇ ಹಿಡಿದುಕೊಂಡು ಜನರ ನಡುವೆ ಸೇರಿಹೋದರು.

ಕಂಬಳಿಯ ಮನೆಯಲ್ಲಿ ಹುಟ್ಟಿದ ನಾನು ಅದನ್ನು ಎಷ್ಟು ಸಾವಿರ ಸಲ ನೋಡಿದ್ದೆ! ತಲೆಗಳೇ ಇಲ್ಲದೆ ಬರೀ ಬೆನ್ನುಗಳಾಗಿ, ಬಂಡೆಯಂತೆ ಒತ್ತಾಗಿ ನಿಲ್ಲುವ ಕುರಿಗಳನ್ನು ಮರೆತು, ಕ್ಯಾಲೆಂಡರಿನ ಕುರಿಗಳನ್ನು ಬರೆದಿದ್ದೆ. ಕಲೆ ಬಲ್ಲವರೆನಿಸಿಕೊಂಡವರು ಯಾರೂ ಅದನ್ನು ಹಿಡಿದಿರಲಿಲ್ಲ. ಆ ಚಿತ್ರವನ್ನು ಮಾರದೆ ವಾಪಸು ತಂದೆ. ಊರಿಗೆ ಬಂದ ಮೇಲೆ ನಾಲ್ಕು ಮಧ್ಯಾಹ್ನ ಹಟ್ಟಿಯವರ ಜೊತೆ ಬಿಸಿಲಲ್ಲಿ ಕುಳಿತು ಹೊಸದಾಗಿ ಬರೆದೆ. ಈಗ ನೀನು ನನ್ನ ಕೆಲಸದಲ್ಲಿ ಮೆಚ್ಚುವ ಆ ಕಪ್ಪು ಗುಂಪುಗಳ ಚಿತ್ರಗಳೆಲ್ಲ ಅಲ್ಲಿಂದ ಹುಟ್ಟಿದವು. ಬೀದಿಯಲ್ಲಿ ಕುಳಿತರೆ ಗೌರವ ಹೋಗುತ್ತದೆಯೇ ಎಂದು ಕೇಳಿದ್ದೀಯಲ್ಲ. ನನಗೆ ಹೋದದ್ದು ಒಂದು ಸುಳ್ಳು ಚಿತ್ರ.

ಹಾಗೆಂದು ಬೀದಿ ಯಾವಾಗಲೂ ಒಳ್ಳೆಯ ಮೇಷ್ಟರೆಂದು ತಿಳಿಯಬೇಡ. 2022ರಲ್ಲಿ ಸಂತೆ ಮಾರ್ಚಿಗೆ ಹೋದಾಗ, ಕೈಯಲ್ಲಿ ದುಡ್ಡಿಲ್ಲದ ಕಾಲವಾದ್ದರಿಂದ, ಮಾರಾಟವಾಗುವುದನ್ನೇ ಬರೆಯೋಣವೆಂದು ಹೊರಟೆ. ಓಡುವ ಕುದುರೆಗಳಿಗೆ ಸದಾ ಗಿರಾಕಿಗಳಿದ್ದಾರೆ. ವಾಸ್ತು ನೋಡುವವರಿಗೆ ಅವು ಏಳೇ ಇರಬೇಕು. ಒಂದು ಚಿತ್ರದಲ್ಲಿ ಅಳತೆ ಸಾಲದೆ ಆರು ಕುದುರೆ ಬರೆದಿದ್ದೆ. ಬಂದವರೆಲ್ಲ ಬೆರಳು ಮಾಡಿ ಎಣಿಸಿ ಬಿಟ್ಟುಹೋದರು. ಒಬ್ಬರಂತೂ "ಒಂದು ಸೇರಿಸಿಕೊಡುತ್ತೀರಾ, ಐದು ಗಂಟೆಗೆ ಬರುತ್ತೇವೆ" ಎಂದರು. ಸೇರಿಸಿಕೊಟ್ಟೆ, ನಗಬೇಡ. ಹಣ ಬಂತು, ಆದರೆ ಆಮೇಲೆ ಎರಡು ತಿಂಗಳು ಯಾವ ಕಾಗದದ ಮುಂದೆ ಕುಳಿತರೂ ಕೈ ತಾನಾಗಿ ಕುದುರೆಯ ಕತ್ತಿನ ಗೆರೆಯನ್ನೇ ಎಳೆಯುತ್ತಿತ್ತು. ಆಮೇಲೆ ಕುದುರೆ ಬರೆದಿಲ್ಲ.

ಮೋಸಗಳ ವಿಚಾರವನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಮಧ್ಯಾಹ್ನದ ಮೇಲೆ ಜನ ಕಿಕ್ಕಿರಿದಾಗ ಮೊಬೈಲ್ ನೆಟ್‌ವರ್ಕ್ ಕೈಕೊಡುತ್ತದೆ. 2024ರಲ್ಲಿ ಒಬ್ಬರು ಹಣ ಹೋಗಿದೆಯೆಂದು ಪರದೆಯ ಮೇಲಿನ ಹಸಿರು ಗುರುತು ತೋರಿಸಿ 3,500 ರೂಪಾಯಿಯ ಚಿತ್ರ ಒಯ್ದರು. ಹಣ ಇಂದಿಗೂ ಬಂದಿಲ್ಲ. ಅವರು ಕಳ್ಳರೋ, ಅವರ ಹಣವೂ ನಡುದಾರಿಯಿಂದ ಹಿಂದಿರುಗಿತೋ ತಿಳಿಯದು. ನಿನ್ನ ಫೋನಿಗೆ ಸಂದೇಶ ಬರುವವರೆಗೆ ಚಿತ್ರವನ್ನು ಸುತ್ತುತ್ತಾ ಇರು. ಎಷ್ಟು ಹೊತ್ತು ಬೇಕಾದರೂ ಸುತ್ತಬಹುದು. ಮನೆಗಳ ಒಳಾಂಗಣ ಅಲಂಕಾರ ಮಾಡುವವರೊಬ್ಬರು ಆರು ಚಿತ್ರ ಒಟ್ಟಿಗೆ ಕೊಂಡು ಅರ್ಧ ಹಣ ಕೊಟ್ಟು, ಉಳಿದರ್ಧಕ್ಕೆ ವರ್ಷವಿಡೀ "ಮುಂದಿನ ವಾರ" ಎಂದರು. ಒಟ್ಟಿಗೆ ಕೊಳ್ಳುವವರು ಬಂದರೆ ಹಿಗ್ಗಬೇಡ.

ಈಗ ನಿನ್ನ ಕೆಲಸದ ವಿಚಾರ. ನೀನು ಬರೆಯುವುದೆಲ್ಲ ನಾಲ್ಕು ಅಡಿ, ಐದು ಅಡಿಯ ತೈಲವರ್ಣ. ಅವನ್ನು ಶಿರಸಿಯಿಂದ ಹತ್ತು ತಂದು ಹತ್ತನ್ನೂ ಹೊತ್ತು ಹೋಗಬೇಡ; ಒಂದೇ ಒಂದು ತಾ, ಆ ಅಡಿಕೆ ತೋಟದ ಮಳೆಯದು. ಅದನ್ನು ಯಾರೂ ಕೊಳ್ಳಲಿಕ್ಕಿಲ್ಲ, ಆದರೆ ರಸ್ತೆಯ ಆಚೆ ಬದಿಯಲ್ಲಿ ಹೋಗುವವರನ್ನು ಅದು ಈಚೆಗೆ ಎಳೆಯುತ್ತದೆ. ಜೊತೆಗೆ ಅಂಗೈಯಗಲದ, ಒಂದಡಿಯ ಚಿತ್ರಗಳನ್ನು ಮೌಂಟ್ ಹಾಕಿ, ಫ್ರೇಮಿಲ್ಲದೆ, ಪಾರದರ್ಶಕ ಲಕೋಟೆಗಳಲ್ಲಿ ಸಿದ್ಧಮಾಡಿಕೋ. ಮೆಟ್ರೊದಲ್ಲಿ ಮನೆಗೆ ಹೋಗುವವರು ಕಂಕುಳಲ್ಲಿ ಹಿಡಿಯುವಷ್ಟನ್ನೇ ಕೊಳ್ಳುತ್ತಾರೆ. ಕಳೆದ ಸಲ, 2025ರಲ್ಲಿ, ನಾನು ಮಾರಿದ 41ರಲ್ಲಿ ಮೂವತ್ತೈದು ಅಂಥವೇ. ಗಾಜು ಬೇಡವೇ ಬೇಡ. ಮರಳು ತುಂಬಿದ ಎರಡು ಪುಟ್ಟ ಚೀಲ, ಸುತಳಿ, ಟೋಪಿ ಇರಲಿ. ಒಬ್ಬಂಟಿಯಾಗಿ ಬಂದರೆ ಮೂತ್ರಕ್ಕೆ ಹೋಗಲೂ ಆಗುವುದಿಲ್ಲವಾದ್ದರಿಂದ ಮಗನನ್ನು ಕರೆದುಕೊಂಡು ಬಾ.

ಬಂದು ನಿಂತು ಹೊಗಳಿ, ಫೋಟೊ ತೆಗೆದುಕೊಂಡು, ಏನೂ ಕೊಳ್ಳದೆ ಹೋಗುವವರ ಮೇಲೆ ನನಗೆ ಮೊದಲು ಸಿಟ್ಟಿತ್ತು. ಈಗ ಅವರಿಗೂ ಫೋನ್ ನಂಬರಿನ ಕಾರ್ಡು ಕೊಡುತ್ತೇನೆ. ಮನೆ ಕಟ್ಟಿ ಮುಗಿಸಿದ ಮೇಲೆ, ಮಗಳ ಮದುವೆ ಗೊತ್ತಾದ ಮೇಲೆ, ಎಂಟು ತಿಂಗಳ ನಂತರ "ಅಂದು ಕುರಿಗಳ ಚಿತ್ರ ನೋಡಿದ್ದೆವು, ಇನ್ನೂ ಇದೆಯೇ?" ಎಂಬ ಕರೆ ಬರುತ್ತದೆ. ನನ್ನ ವರ್ಷದ ಗಳಿಕೆಯಲ್ಲಿ ಅರ್ಧದಷ್ಟು ಹೀಗೆ ತಡವಾಗಿ ಬರುವುದೇ.

ಅರ್ಜಿ ಹಾಕು. ಹಾಕಿದ ದಿನವೇ ನಿನ್ನ ಚಿತ್ರಗಳ ಬೆಲೆಗಳನ್ನು ಒಂದು ಹಾಳೆಯಲ್ಲಿ ಬರೆದು ನನಗೆ ಕಳುಹಿಸು. ಅವು ಕಡಿಮೆಯಾಗಿರುತ್ತವೆಂದು ನಾನು ಬಲ್ಲೆ, ತಿದ್ದಿ ಹಿಂದಿರುಗಿಸುತ್ತೇನೆ. ಶನಿವಾರ ರಾತ್ರಿಯ ಬಸ್ಸಿಗೆ ಹೊರಟರೆ ಇಬ್ಬರೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಮೆಜೆಸ್ಟಿಕ್ ತಲುಪುತ್ತೇವೆ. ಆಟೊ ಒಂದೇ ಸಾಕು, ನಿನ್ನ ಅಡಿಕೆ ತೋಟವನ್ನು ನಾನು ತೊಡೆಯ ಮೇಲೆ ಹಿಡಿದುಕೊಳ್ಳುತ್ತೇನೆ.

ಮನೆಯಲ್ಲಿ ಎಲ್ಲರಿಗೂ ನನ್ನ ನಮಸ್ಕಾರಗಳನ್ನು ತಿಳಿಸು.

ಇಂತಿ ನಿನ್ನ,
ಚಳ್ಳಕೆರೆಯ ಗೆಳೆಯ