ಅಂಕಪಟ್ಟಿ ಕೈಗೆ ಬರುವ ಮುಂಚೆ

ಪ್ರೀತಿಯ ಪೋಷಕರೇ,

ನಮಸ್ಕಾರ. ಮುಂದಿನ ವಾರ ಮಕ್ಕಳ ಅಂಕಪಟ್ಟಿ ನಿಮ್ಮ ಕೈ ಸೇರುತ್ತದೆ. ಅದಕ್ಕೂ ಮುಂಚೆ ಒಂದು ಮಾತು ಹೇಳಬೇಕಿದೆ. ಅಂಕದ ಬಗ್ಗೆ ಅಲ್ಲ, ಅಂಕ ನೋಡಿದ ಕೂಡಲೇ ನಾವು ಕೇಳುವ ಪ್ರಶ್ನೆಯ ಬಗ್ಗೆ.

"ಕ್ಲಾಸಿಗೆ ಫಸ್ಟ್ ಯಾರು?" ಎಂದು ಕೇಳುತ್ತೇವೆ, ಅಲ್ವಾ? ಕೇಳುವುದರಲ್ಲಿ ಕೆಟ್ಟ ಉದ್ದೇಶ ಇರುವುದಿಲ್ಲ. ಆದರೆ ಅಲ್ಲಿಯವರೆಗೆ ಖುಷಿಯಾಗಿದ್ದ ಮಗು ಆಮೇಲೆ ತನಗೆ ಬಂದ ಅಂಕವನ್ನು ಬಿಟ್ಟು ಬಾರದೆ ಹೋದದ್ದನ್ನು ಲೆಕ್ಕ ಹಾಕತೊಡಗುತ್ತದೆ.

ದೊಡ್ಡವರೂ ಇದರಿಂದ ಹೊರತಲ್ಲ. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಪದಕ ಗೆದ್ದವರ ವಿಡಿಯೊಗಳನ್ನು ಅಮೆರಿಕದ ಮೂವರು ಮನಶ್ಶಾಸ್ತ್ರಜ್ಞರು ಪರಿಶೀಲನೆಗೆ ಇಟ್ಟರು. ವಿಡಿಯೊ ನೋಡಿದವರು ಯಾರ ಮುಖದಲ್ಲಿ ಎಷ್ಟು ಖುಷಿ ಇದೆ ಎಂದು ಅಂದಾಜು ಮಾಡಬೇಕಿತ್ತು. ಬೆಳ್ಳಿ ಗೆದ್ದವರಿಗಿಂತ ಕಂಚು ಗೆದ್ದವರೇ ಹೆಚ್ಚು ಖುಷಿಯಾಗಿ ಕಂಡರು. ಬೆಳ್ಳಿಯವರ ಮನಸ್ಸು ಕೂದಲೆಳೆಯಲ್ಲಿ ತಪ್ಪಿದ ಚಿನ್ನದ ಮೇಲಿತ್ತು. ಕಂಚಿನವರಿಗೆ "ಸದ್ಯ, ಪದಕವಾದರೂ ಸಿಕ್ಕಿತಲ್ಲ" ಎಂಬ ಸಮಾಧಾನ. ಸಂಶೋಧಕರು 1995ರಲ್ಲಿ ಕೊಟ್ಟ ವಿವರಣೆ ಇದು. ಇಡೀ ಜಗತ್ತಿಗೆ ಎರಡನೆಯವರಾಗಿ ನಿಂತೂ ಮುಖ ಬಾಡುತ್ತದೆ ಎಂದರೆ, ನಮ್ಮ ಮಕ್ಕಳ ಪಾಡೇನು!

"ಬೇಕಾದ್ದು ಕೊಡಿಸಿಬಿಟ್ಟರೆ ಖುಷಿಯಾಗಿರುತ್ತಾರೆ" ಎಂದು ಕೆಲವರು ಹೇಳುವುದುಂಟು. ಹೊಸ ಸೈಕಲ್ಲಿನ ಖುಷಿ ಎಷ್ಟು ದಿನ ಇತ್ತು ಎಂಬುದು ಕೊಡಿಸಿದವರಿಗೇ ಗೊತ್ತು. ಕೈಗೆ ಬಂದದ್ದು ಬೇಗ ಹಳತಾಗುತ್ತದೆ, ಅದು ಮನಸ್ಸಿನ ಸ್ವಭಾವ.

ಮಕ್ಕಳು ಕಲಿಯಬೇಕಾದದ್ದು ಒದಗಿದ ಒಳ್ಳೆಯದನ್ನು ಗುರುತಿಸುವುದನ್ನು, ಅಂದರೆ ಕೃತಜ್ಞತೆಯನ್ನು. ಹಾಗಂತ ಅದನ್ನು ಗದರಿಸಿ ಕಲಿಸಲು ಆಗುವುದಿಲ್ಲ. "ಎಷ್ಟೋ ಮಕ್ಕಳಿಗೆ ಇಷ್ಟೂ ಇಲ್ಲ, ಗೊತ್ತಾ?" ಎನ್ನುವುದು ನನಗೆ ಅಷ್ಟಾಗಿ ಹಿಡಿಸದ ಮಾತು. ಅದೂ ಹೋಲಿಕೆಯೇ, ದಿಕ್ಕು ಮಾತ್ರ ಬೇರೆ. ಮಗುವಿಗೆ ಅದರಿಂದ ಸಂತೋಷಕ್ಕಿಂತ ಅಳುಕೇ ಜಾಸ್ತಿ. ಅಳುವ ಮಗುವಿನ ಬಾಯಿ ಮುಚ್ಚಿಸಲಂತೂ ಈ ಮಾತು ಬೇಡವೇ ಬೇಡ. ಬೇಜಾರಾಗಿದ್ದರೆ ಮೊದಲು ಅದನ್ನು ಕೇಳಿಸಿಕೊಳ್ಳೋಣ.

ಇನ್ನೊಂದು ಅನುಮಾನ ಪೋಷಕರ ಸಭೆಯಲ್ಲಿ ಆಗಾಗ ಬರುತ್ತದೆ: "ಇದ್ದದ್ದರಲ್ಲೇ ತೃಪ್ತಿಪಟ್ಟರೆ ಮಗು ಮುಂದೆ ಬರುವುದು ಹೇಗೆ ಮೇಡಂ?" ಸಹಜವಾದ ಪ್ರಶ್ನೆ. ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲ್ಲೋ 2003ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. ಒಂದು ಗುಂಪಿನ ಕಾಲೇಜು ವಿದ್ಯಾರ್ಥಿಗಳು ವಾರಕ್ಕೊಮ್ಮೆ ತಮಗೆ ಒದಗಿದ ಒಳ್ಳೆಯದನ್ನು ಬರೆದರು, ಇನ್ನೊಂದು ಗುಂಪಿನವರು ಕಿರಿಕಿರಿಗಳನ್ನು ಬರೆದರು. ಒಳ್ಳೆಯದನ್ನು ಬರೆದವರು ಸುಮ್ನೆ ಕೈಕಟ್ಟಿ ಕೂರಲಿಲ್ಲ. ಅವರೇ ಹೆಚ್ಚು ವ್ಯಾಯಾಮ ಮಾಡಿದರು, ಮುಂದಿನ ವಾರದ ಬಗ್ಗೆ ಹೆಚ್ಚು ಭರವಸೆ ಇಟ್ಟುಕೊಂಡಿದ್ದರು. ಶಾಲೆಯಲ್ಲಿ ನಾನು ಕಾಣುವುದೂ ಇದನ್ನೇ. ತನ್ನ ಕೆಲಸದಲ್ಲಿ ಖುಷಿ ಕಂಡ ಮಗು ಮತ್ತೆ ಪುಸ್ತಕ ತೆಗೆಯುತ್ತದೆ. ಸೋತೆ ಎಂದುಕೊಂಡ ಮಗು ಪುಸ್ತಕವನ್ನೇ ದೂರ ತಳ್ಳುತ್ತದೆ.

ಹನ್ನೊಂದು ಹನ್ನೆರಡು ವಯಸ್ಸಿನ ಆಸುಪಾಸಿನ 221 ಮಕ್ಕಳ ಮೇಲೂ ಇಂಥದ್ದೇ ಅಧ್ಯಯನ ನಡೆದು 2008ರಲ್ಲಿ ಪ್ರಕಟವಾಯಿತು. ಎರಡು ವಾರ ಒಳ್ಳೆಯದನ್ನು ಬರೆದ ಮಕ್ಕಳಿಗೆ, ಕಿರಿಕಿರಿ ಬರೆದವರಿಗಿಂತ, ಶಾಲೆ ಹೆಚ್ಚು ಹಿಡಿಸಿತ್ತು. ನನ್ನ ಸ್ವಾರ್ಥವೂ ಇದರಲ್ಲಿದೆ ಎಂದುಕೊಳ್ಳಿ!

ಹಾಗಾಗಿ ಐದರಿಂದ ಏಳನೇ ತರಗತಿಯವರಿಗೆ ಒಂದು ಚಿಕ್ಕ ನೋಟ್‌ಬುಕ್ ಕೊಡುತ್ತಿದ್ದೇವೆ. ಶುಕ್ರವಾರ ಕೊನೆಯ ಪೀರಿಯಡ್‌ನಲ್ಲಿ ಆ ವಾರ ಚೆನ್ನಾಗಿ ಆದ ಮೂರು ಸಂಗತಿ ಬರೆಯುತ್ತಾರೆ. ಅದು ಯಾಕೆ ಚೆನ್ನಾಗಿ ಆಯಿತು ಎಂದೂ ಬರೆಯಬೇಕು. ನನಗೆ ಮುಖ್ಯ ಅನ್ನಿಸುವುದು ಈ "ಯಾಕೆ". ಅಲ್ಲಿ ಸಾಮಾನ್ಯವಾಗಿ ಒಬ್ಬ ಮನುಷ್ಯ ಸಿಗುತ್ತಾರೆ: ಲೆಕ್ಕ ಹೇಳಿಕೊಟ್ಟ ಗೆಳತಿ, ಬಸ್ ನಿಲ್ಲಿಸಿ ಕಾದ ಡ್ರೈವರ್, ಜ್ವರ ಬಂದಾಗ ನಿದ್ದೆಗೆಟ್ಟ ಅಮ್ಮ. ದಿನಾ ಬರೆಸಿದರೆ ಅದೂ ಹೋಮ್‌ವರ್ಕ್ ಆಗಿಬಿಡುತ್ತದೆ. ವಾರಕ್ಕೆ ಒಮ್ಮೆ ಸಾಕು.

ಇನ್ನು ಅಂಕಪಟ್ಟಿ. ಈ ಸಲ ಅದರಲ್ಲಿ ರ್‍ಯಾಂಕ್ ಇರುವುದಿಲ್ಲ, ದಯವಿಟ್ಟು ಫೋನ್ ಮಾಡಿ ಕೇಳಬೇಡಿ. ಅದರ ಬದಲು ಮಗುವನ್ನು "ಇದರಲ್ಲಿ ನಿನಗೆ ಖುಷಿ ಕೊಟ್ಟದ್ದು ಯಾವುದು? ಯಾರು ಸಹಾಯ ಮಾಡಿದರು?" ಎಂದು ಕೇಳಿ. ಕಡಿಮೆ ಅಂಕದ ವಿಷಯವನ್ನು ಮರುದಿನ ಮಾತಾಡಬಹುದು, ಅದೇನೂ ಓಡಿಹೋಗುವುದಿಲ್ಲ.

ಆ ನೋಟ್‌ಬುಕ್ ಮಗುವಿನದು. ತಾನಾಗಿ ತೋರಿಸಿದರೆ ಓದಿ. ಕಾಗುಣಿತ ಮಾತ್ರ ತಿದ್ದಬೇಡಿ, ಅದಕ್ಕೆ ನಾವಿದ್ದೇವೆ.

ಇಂತಿ,
ಮುಖ್ಯ ಶಿಕ್ಷಕಿ