ಪುಟ್ಟಿಗೆ, ಕಥೆ ಕಳಿಸುವ ಬಗ್ಗೆ

ಪುಟ್ಟೀ,

ನಿನ್ನ ಕಥೆ ಎರಡು ಸಲ ಓದಿದೆ. ಅಜ್ಜಿ ಕರೆಂಟ್ ಬಿಲ್ಲಿನ ಹಿಂದೆ ಹಾಲಿನ ಲೆಕ್ಕ ಬರೆದಿಡುತ್ತಾಳಲ್ಲ, ಅಲ್ಲಿಗೆ ಬಂದಾಗ ಫೋನ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ. ಇಂಥದ್ದನ್ನ ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೆ ಹಾಕುತ್ತೀಯ, ಮರುದಿನ ಅದು ಮಾಯ. ನನಗೆ ಹೊಟ್ಟೆ ಉರಿಯುತ್ತದೆ.

ಎಲ್ಲಿಗೆ ಕಳಿಸಲಿ ಮಾಮಾ ಅಂತ ಕೇಳಿದ್ದೆ. ಮೊದಲು ನೀನೇ ಹೇಳು, ಯಾವ ಪತ್ರಿಕೆ ಓದುತ್ತೀ? ಓದದ ಪತ್ರಿಕೆಗೆ ಕಳಿಸಬೇಡ. ಲೈಬ್ರರಿಗೆ ಹೋಗಿ ಸುಧಾ, ತರಂಗ, ಮಯೂರ, ತುಷಾರ, ಕಸ್ತೂರಿ ಇವುಗಳ ನಾಲ್ಕೈದು ಸಂಚಿಕೆ ತಿರುವಿ ಹಾಕು. ಕಥೆಗೆ ಎಷ್ಟು ಪುಟ ಕೊಟ್ಟಿದ್ದಾರೆ, ಹೊಸಬರ ಹೆಸರು ಕಾಣುತ್ತದಾ, ನೋಡು. ನಿನ್ನದು ಸುಮಾರು 900 ಪದ. ಮಾಸಪತ್ರಿಕೆಗೆ ಅದು ಚಿಕ್ಕದಾಯಿತು ಅಂತ ನನಗನಿಸುತ್ತದೆ, ಭಾನುವಾರದ ಪುರವಣಿಗೆ ಸರಿಯಾಗಿ ಕೂರುತ್ತದೆ. ಇಮೇಲ್ ವಿಳಾಸ ಪತ್ರಿಕೆಯಲ್ಲೇ ಇರುತ್ತದೆ. ಟೈಪ್ ಮಾಡಿದ್ದನ್ನ ಯೂನಿಕೋಡ್‌ನಲ್ಲಿ ಕಳಿಸಬೇಕಾ, ‘ನುಡಿ’ ಫಾಂಟಿನಲ್ಲಿ ಕಳಿಸಬೇಕಾ ಅಂತಲೂ ನೋಡಿಕೋ.

ಒಂದು ಕಥೆ, ಒಂದು ಸಲಕ್ಕೆ ಒಂದೇ ಪತ್ರಿಕೆ. ಇದು ನಾನು ಪೆಟ್ಟು ತಿಂದು ಕಲಿತದ್ದು. ನಿನ್ನ ವಯಸ್ಸಲ್ಲಿ, ಕಾದು ಕಾದು ಸಾಕಾಗಿ, ಒಂದೇ ಕಥೆಯನ್ನ ಎರಡು ಕಡೆ ಕಳಿಸಿದ್ದೆ. ಎರಡೂ ಕಡೆ ಒಂದೇ ತಿಂಗಳು ಬಂತು! ಒಬ್ಬ ಸಂಪಾದಕರು ಪೋಸ್ಟ್‌ಕಾರ್ಡಿನಲ್ಲಿ ಎರಡೇ ಸಾಲು ಬರೆದರು, ಆಮೇಲೆ ಅಲ್ಲಿ ನನ್ನ ಇನ್ನೊಂದು ಕಥೆ ಬರಲು ಆರು ವರ್ಷ ಹಿಡಿಯಿತು. ಆಗೆಲ್ಲ ಸ್ಟಾಂಪು ಅಂಟಿಸಿದ ಕವರನ್ನೂ ಜೊತೆಗಿಡಬೇಕಿತ್ತು. ವಾಪಸು ಬಂದ ಕಾಪಿಯ ಮೂಲೆಯಲ್ಲಿ ಗುಂಡುಪಿನ್ನಿನ ತುಕ್ಕು ಅಂಟಿರುತ್ತಿತ್ತು, ಬೇರೆಡೆ ಕಳಿಸುವ ಮುಂಚೆ ಆ ಮೊದಲ ಹಾಳೆಯನ್ನ ಮತ್ತೆ ಬರೆಯುತ್ತಿದ್ದೆ. ಹಾಗೆ ಬರೆಯುವಾಗಲೇ ಎಷ್ಟೋ ಸಲ ಕಥೆಯ ತಪ್ಪು ಕಣ್ಣಿಗೆ ಬಿದ್ದದ್ದು. ಈಗ ಕಥೆ ಬೇಡ ಅನ್ನುವ ವಿಷಾದಪತ್ರವೂ ಬರದೇ ಇರಬಹುದು. ಮೂರು ತಿಂಗಳು ಕಾದು, ಮರ್ಯಾದೆಯಿಂದ ಒಂದು ಮೇಲ್ ಹಾಕಿ, ವಾಪಸು ತಗೊಂಡು ಬೇರೆ ಕಡೆ ಕಳಿಸು. ಯಾವುದು ಯಾವಾಗ ಎಲ್ಲಿಗೆ ಹೋಯಿತು ಅಂತ ಒಂದು ನೋಟ್‌ಬುಕ್ಕಲ್ಲಿ ಬರೆದಿಡು.

ಪ್ರತಿಲಿಪಿ ಅನ್ನುವ ಕಥೆಗಳ ಆ್ಯಪ್‌ನಲ್ಲಿ ಹಾಕಿದರೆ ಕೂಡಲೇ ಓದುಗರು ಸಿಗುತ್ತಾರೆ, ನಿಜ. ಆದರೆ ಪತ್ರಿಕೆಗಳ ಕಥಾಸ್ಪರ್ಧೆಗೆ 'ಎಲ್ಲೂ ಪ್ರಕಟವಾಗಿರಬಾರದು' ಅಂತ ನಿಯಮ ಇರುತ್ತದೆ, ಆನ್‌ಲೈನ್‌ನಲ್ಲಿ ಬಂದದ್ದೂ ಪ್ರಕಟವಾದ ಲೆಕ್ಕವೇ. ಪ್ರಜಾವಾಣಿಯ ದೀಪಾವಳಿ ವಿಶೇಷಾಂಕದ ಸ್ಪರ್ಧೆಯಿಂದ ಹೆಸರು ಮಾಡಿದವರು ಎಷ್ಟು ಜನ! ಅದಕ್ಕೆ ಅಂತಲೇ ಒಂದು ಒಳ್ಳೆಯ ಕಥೆ ಯಾರಿಗೂ ತೋರಿಸದೆ ಎತ್ತಿಡು.

ಇನ್ನೊಂದು ಮಾತು, ಇದನ್ನ ಗಟ್ಟಿಯಾಗಿ ಹೇಳುತ್ತೇನೆ. ಸಂಕಲನದಲ್ಲಿ ನಿಮ್ಮ ಕಥೆ ಹಾಕುತ್ತೇವೆ, ಇಷ್ಟು ದುಡ್ಡು ಕೊಡಿ, ಸರ್ಟಿಫಿಕೇಟ್ ಕೊಡುತ್ತೇವೆ ಅಂತ ಮೆಸೇಜ್ ಬಂದರೆ ಉತ್ತರವನ್ನೇ ಕೊಡಬೇಡ. ಬರೆದವಳು ನೀನು, ದುಡ್ಡು ಕೊಡಬೇಕಾದವಳೂ ನೀನೇ ಅಂದರೆ ಯಾವ ನ್ಯಾಯ? ಹತ್ತು ಹನ್ನೆರಡು ಕಥೆ ಆಗಲಿ, ಆಮೇಲೆ ಪುಸ್ತಕದ ಯೋಚನೆ ಮಾಡೋಣ. ಇನ್ನೂ ಸಂಕಲನ ತರದವರ ಹಸ್ತಪ್ರತಿಗೆ ಛಂದ ಪುಸ್ತಕ ಅನ್ನುವ ಪ್ರಕಾಶನದವರ ಬಹುಮಾನ ಇದೆ. ಮೊದಲ ಪುಸ್ತಕ ತರುವ 18ರಿಂದ 35 ವರ್ಷದವರಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನವೂ ಇದೆ. ನಿನಗಿನ್ನೂ 22, ಬೇಕಾದಷ್ಟು ಸಮಯ ಇದೆ ಅಲ್ವಾ?

ಕಳಿಸುವ ಮುಂಚೆ ಆ ಕೊನೆಯ ಪ್ಯಾರಾ ತೆಗೆದುಬಿಡು. ಅಜ್ಜಿ ಬಿಲ್ಲು ಮಡಚಿ ಸಾಸಿವೆ ಡಬ್ಬಿಯ ಕೆಳಗೆ ಇಡುವಲ್ಲಿಗೇ ಕಥೆ ಮುಗಿದಿದೆ. ಭಾನುವಾರ ಬರುತ್ತೇನೆ, ಒಂದು ಪ್ರಿಂಟ್ ತೆಗೆಸಿಟ್ಟಿರು, ಕಾಗುಣಿತ ಕೂತು ನೋಡೋಣ.

ನಿನ್ನ ಮಾಮ