ಅಕ್ಕೋರಿಗೆ, ಮತ್ತು ಉಳಿದ ಎಲ್ಲರಿಗೂ

ಶನಿವಾರ ಅಘನಾಶಿನಿ ಅಳಿವೆಯ ದಡದ ತದಡಿಯಲ್ಲಿ ಕೊನೆಯ ತರಗತಿ ಮುಗಿಯಿತು. ಸುಸ್ಥಿರತೆಯನ್ನು ಪಾಠವಾಗಿಸುವುದು ಹೇಗೆಂದು ಶಿಕ್ಷಕರ ಜೊತೆ ಕೂತು ಕಲಿತ ಈ ಆರು ತಿಂಗಳು ಎಲ್ಲಿ ಶುರುವಾಯಿತು, ಎಲ್ಲೆಲ್ಲಿ ಎಡವಿತು ಎಂಬುದು ನಿಮಗೆಲ್ಲ ಗೊತ್ತೇ ಇದೆ. ಈಗ ಹೇಳಬೇಕಾದ್ದು ಋಣದ ಮಾತು.

ಮಳೆಯಲ್ಲಿ ದೇವಿಮನೆ ಘಟ್ಟ ಇಳಿದು ಬಂದ ಶಿರಸಿ, ಸಿದ್ದಾಪುರದ ಮಾಸ್ತರರು, ಕೊಠಡಿ ಬಿಟ್ಟುಕೊಟ್ಟ ಶಾಲೆಯವರು, ದೋಣಿ ನಡೆಸಿದವರು, ಬಿಸಿ ಗಂಜಿ ಬಡಿಸಿದ ಅಮ್ಮಂದಿರು, ಮಾಣಿಕಟ್ಟದ ಗಜನಿಯಲ್ಲಿ (ಅಳಿವೆಯಂಚಿನ ಉಪ್ಪುನೀರಿನ ಗದ್ದೆಯಲ್ಲಿ) ಜಂತ್ರಡಿಯ (ನೀರು ಬಿಡುವ, ತಡೆಯುವ ತೂಬಿನ) ಹಲಗೆ ಎತ್ತಿ ತೋರಿಸಿದ ರೈತರು, ಎಲ್ಲರಿಗೂ ನಮಸ್ಕಾರ.

ಉಳಿದದ್ದೆಲ್ಲ ಅಕ್ಕೋರಿಗೆ. ನಿವೃತ್ತ ವಿಜ್ಞಾನ ಶಿಕ್ಷಕಿ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ.

ಮೂರನೇ ತರಗತಿಯ ಹಿಂದಿನ ರಾತ್ರಿ. ನೀರಿನ ಉಪ್ಪಿನಂಶ ಅಳೆಯಲು ಸ್ಟ್ರಾ ಬುಡಕ್ಕೆ ಜೇಡಿಮಣ್ಣು ಮೆತ್ತಿ ಮಾಡಿಟ್ಟಿದ್ದ ಸಾಧನಗಳು ಸಿಹಿನೀರಿನಲ್ಲೂ ಉಪ್ಪುನೀರಿನಲ್ಲೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ನಿಲ್ಲುತ್ತಿದ್ದವು. ಕರೆಂಟಿಲ್ಲ. ಬೆಳಗಾದರೆ 38 ಶಿಕ್ಷಕರು. ಗಜನಿ ಬೇಡ, ಪೋಸ್ಟರ್ ಬರೆಸಿ ಕಳಿಸಿಬಿಡೋಣ ಎಂಬ ಮಾತೂ ಬಂತು. ಎಲ್ಲರೂ ಸೋತಿದ್ದರು. ಅಕ್ಕೋರು ಮೇಣದಬತ್ತಿ ಹಚ್ಚಿ ನೆಲಕ್ಕೆ ಕೂತರು. "ತಪ್ಪಿದ್ದು ಎಲ್ಲಿ ಅಂತ ಮೊದಲು ನೋಡ್ವ."

ಸಮುದ್ರದ ನೀರಿನ ಸಾಂದ್ರತೆ ಸಿಹಿನೀರಿಗಿಂತ ಹೆಚ್ಚಿರುವುದು ಶೇ 2.5ರಷ್ಟು. 12 ಸೆಂ.ಮೀ. ಮುಳುಗಿದ ಸ್ಟ್ರಾ ಅದರಲ್ಲಿ ಮೇಲೇಳುವುದು ಬರೀ 3 ಮಿ.ಮೀ. ಸ್ಕೆಚ್ ಪೆನ್ನಿನ ಗೆರೆಯೇ 1 ಮಿ.ಮೀ. ದಪ್ಪ! ಹೊಟ್ಟೆ ದೊಡ್ಡದಿದ್ದು ಕುತ್ತಿಗೆ ಸಪೂರವಿದ್ದರೆ ಏರಿಳಿತ ಹಿಗ್ಗುತ್ತದೆ ಎಂದರು. 30 ಮಿ.ಲೀ. ಔಷಧಿ ಬಾಟಲಿಯ ಮುಚ್ಚಳಕ್ಕೆ ತೂತು ಕೊರೆದು 6 ಮಿ.ಮೀ. ಸ್ಟ್ರಾ ತೂರಿಸಿ, ಸಂದಿಗೆ ಮೇಣ ಬಿಟ್ಟರು. ಸಿಹಿನೀರಿನಲ್ಲಿ ತೇಲಿಸಿ, ಸ್ಟ್ರಾದ ತುದಿ ಒಂದು ಸೆಂಟಿಮೀಟರ್ ಮಾತ್ರ ಕಾಣುವ ತನಕ ಅದರ ಬಾಯಿಯಿಂದಲೇ ಚಿಟಿಕೆ ಚಿಟಿಕೆ ಒಣಮರಳು ಹಾಕಿದರು. ಈಗ ಉಪ್ಪುನೀರಿನಲ್ಲಿ ಎರಡೂವರೆ ಸೆಂಟಿಮೀಟರಿಗೂ ಮೇಲೆ ಎದ್ದಿತು.

ಆಮೇಲೆ ಉಪ್ಪು, ಅಂದರೆ ಬಾಟಲಿಗೆ ಗುರುತು ಹಾಕಲು ಬೇಕಾದ, ಸಮುದ್ರದಷ್ಟೇ ಉಪ್ಪಿರುವ ದ್ರಾವಣ. 965 ಗ್ರಾಂ ನೀರಿಗೆ 35 ಗ್ರಾಂ ಉಪ್ಪು ಎಂಬ ಲೆಕ್ಕ ಸರಿಯೇ ಇತ್ತು. ಆದರೆ ಮಳೆಗಾಲದ ಹರಳುಪ್ಪು ತೇವ ಕುಡಿದು ಕೂತಿರುತ್ತದೆ, ತಕ್ಕಡಿ ಆ ನೀರನ್ನೂ ಉಪ್ಪೆಂದೇ ತೂಗುತ್ತದೆ, ದ್ರಾವಣ ಸಪ್ಪೆಯಾಗುತ್ತದೆ. ಬಾಣಲೆಯಲ್ಲಿ ಚಟಚಟ ಸದ್ದು ನಿಲ್ಲುವವರೆಗೆ ಹುರಿದು, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಆರಿಸಿ, ನಂತರ ತೂಗಬೇಕು. ಬಾಟಲಿಗೆ ಗುರುತು ಹಾಕುವ ನೀರೂ ಅಳೆಯುವ ನೀರೂ ಒಂದೇ ಬಿಸಿಯಲ್ಲಿರಬೇಕು. ಬಿಸಿಲಿಗಿಟ್ಟ ನೀರು 25ರಿಂದ 35 ಡಿಗ್ರಿಗೆ ಏರಿದರೆ ಸಾವಿರಕ್ಕೆ ಸುಮಾರು 4 ಪಾಲು ಉಪ್ಪು ಕಡಿಮೆ ತೋರಿಸುತ್ತದೆ.

ಬೆಳಗಿನ ಜಾವ ಒಂದೇ ಒಂದು ಮಾದರಿ ಬಾಟಲಿ ಸಿದ್ಧವಿತ್ತು. ಉಳಿದವನ್ನು ನಾವು ಮಾಡಿಡಲು ಹೊರಟರೆ ಅಕ್ಕೋರು ತಡೆದರು. ಶಿಕ್ಷಕರೇ ಮಾಡಲಿ, ಮೇಣ ಸೋರಿ ಮುಳುಗಲಿ, ಮತ್ತೆ ಮಾಡಲಿ. ಸಿದ್ಧ ಸಾಧನ ಕೊಟ್ಟರೆ ಅದು ಶಾಲೆಯ ಕಪಾಟಿಗೆ ಹೋಗಿ ಕೂರುತ್ತದೆ.

ನಮ್ಮ ತರಬೇತಿಯ ದಿಕ್ಕು ತಿರುಗಿದ್ದು ಅಲ್ಲಿ. ಅಘನಾಶಿನಿ ಅಳಿವೆ ರಾಮ್‌ಸಾರ್ ಪಟ್ಟಿ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿ) ಸೇರಿದ್ದು 2024ರಲ್ಲಿ, ವಿಸ್ತೀರ್ಣ 4,801 ಹೆಕ್ಟೇರ್ ಎಂಬುದು ಅಷ್ಟು ದಿನ ಬಾಯಿಪಾಠದ ಉತ್ತರವಾಗಿತ್ತು. ಜಂತ್ರಡಿಯ ಒಳಗೊಂದು, ಹೊರಗೊಂದು ಬಾಟಲಿ ತೇಲಿಬಿಟ್ಟ ಮೇಲೆ ಶಿಕ್ಷಕರೇ ರೈತರನ್ನು ಕೇಳತೊಡಗಿದರು: ಗಜನಿಯಲ್ಲಿ ಬೆಳೆಯುವ ಕಗ್ಗ ಭತ್ತ ಎಷ್ಟು ಉಪ್ಪು ತಡೆದೀತು? ಹಲಗೆ ಕೊಳೆತು ನೀರು ನುಗ್ಗಿದರೆ ಯಾರ ಗದ್ದೆಗೆ ಮೊದಲ ಪೆಟ್ಟು?

ಆ ರಾತ್ರಿ ನೀವು ಎದ್ದು ಮನೆಗೆ ಹೋಗಿದ್ದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ, ಅಕ್ಕೋರೆ. ನೀವು ಹೋಗಲಿಲ್ಲ. ಅದನ್ನು ನೆನೆದರೆ ಈಗಲೂ ಗಂಟಲು ಕಟ್ಟುತ್ತದೆ.

ನಿಮ್ಮ ಬಾಣಲೆ ಇನ್ನೂ ನಮ್ಮಲ್ಲೇ ಇದೆ. ಭಾನುವಾರ ತಂದುಕೊಡುತ್ತೇವೆ.